ಹಾಲ್‌ಗೆ 55 ಇಂಚಿನ ಟಿವಿ: ಕೂರುವ ಜಾಗದಿಂದ ಗೋಡೆಯವರೆಗೆ ಅಳೆದು ಹಾಕಿದ ಕೆಲಸ

ಟಿವಿ ತರುವ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಟೇಪ್ ಹಿಡಿಯುವುದು ಗೋಡೆಗೆ. ಹಿಡಿಯಬೇಕಾದ್ದು ಕೂರುವ ಜಾಗಕ್ಕೆ. ಸೋಫಾ ಎಲ್ಲಿದೆ, ಅಜ್ಜಿಯ ಕುರ್ಚಿ ಯಾವ ಮೂಲೆಗಿದೆ, ಮಕ್ಕಳು ಚಾಪೆ ಹಾಸಿ ಎಷ್ಟು ಹತ್ತಿರ ಕೂರುತ್ತಾರೆ, ಹಗಲು ಬೆಳಕು ಯಾವ ಕಡೆಯಿಂದ ನುಗ್ಗುತ್ತದೆ ಎಂಬುದು ಗೊತ್ತಾದರೆ ಗಾತ್ರ, ಪ್ಯಾನೆಲ್, ಎತ್ತರ, ಕೊನೆಗೆ ಡ್ರಿಲ್ ಇಡುವ ಬಿಂದು ಕೂಡ ಲೆಕ್ಕಕ್ಕೆ ಸಿಗುತ್ತದೆ. ಅಂಥ ಒಂದು ಹಾಲ್‌ನ ಕೆಲಸವನ್ನು ಮೊದಲಿಂದ ಕೊನೆವರೆಗೆ ಇಲ್ಲಿ ಬರೆದಿಟ್ಟಿದೆ. ಅಳತೆಗಳು ನಿಮ್ಮ ಮನೆಯಲ್ಲಿ ಬೇರೆ ಇರುತ್ತವೆ, ಲೆಕ್ಕ ಹಾಕುವ ರೀತಿ ಅದೇ.

ಹಾಲ್‌ನ ಅಳತೆ

ಹಾಲ್ 11 ಅಡಿ ಅಗಲ, 17 ಅಡಿ ಉದ್ದ. ಟಿವಿ ಬರುವುದು ಉದ್ದದ ಗೋಡೆಗೆ, ಸೋಫಾ ಎದುರು ಗೋಡೆಗೆ ಒರಗಿದೆ. 11 ಅಡಿ ಎಂದರೆ 335 ಸೆಂ.ಮೀ. ಸೋಫಾದಲ್ಲಿ ಕೂತವರ ಕಣ್ಣು ಹಿಂದಿನ ಗೋಡೆಯಿಂದ ಸುಮಾರು 60 ಸೆಂ.ಮೀ. ಮುಂದಿರುತ್ತದೆ, ಬ್ರ್ಯಾಕೆಟ್ ಸೇರಿ ಟಿವಿ 10 ಸೆಂ.ಮೀ. ಮುಂದೆ ಬರುತ್ತದೆ. ಉಳಿಯುವುದು 265 ಸೆಂ.ಮೀ. ಚಾಪೆಯ ಮೇಲೆ ಕೂರುವ ಮಕ್ಕಳಿಗೆ 150 ಸೆಂ.ಮೀ. ಅಜ್ಜಿಯ ಆರಾಮ ಕುರ್ಚಿ ಕಿಟಕಿ ಪಕ್ಕ, ಪರದೆಯ ನಡುಗೆರೆಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ.

ಟಿವಿಗೆ ಸಿಗುವ ಗೋಡೆ ಬಾಗಿಲ ಚೌಕಟ್ಟಿನಿಂದ ಕಿಟಕಿಯವರೆಗೆ 152 ಸೆಂ.ಮೀ.

ಪರದೆ ಕಣ್ಣಿಗೆ 30 ಡಿಗ್ರಿ ಅಗಲ ಕಂಡರೆ ಮನೆಯ ನೋಟಕ್ಕೆ ಚೆನ್ನಾಗಿ ತುಂಬಿಕೊಳ್ಳುತ್ತದೆ. ಅದಕ್ಕೆ ಬೇಕಾದ ದೂರ ಪರದೆಯ ಅಗಲದ ಸುಮಾರು 1.87 ಪಟ್ಟು. 43 ಇಂಚಿನ ಪರದೆಯ ಅಗಲ 95 ಸೆಂ.ಮೀ., ದೂರ 178 ಸೆಂ.ಮೀ. 55 ಇಂಚಿಗೆ ಅಗಲ 122, ದೂರ 227. 65 ಇಂಚಿಗೆ ಅಗಲ 144, ದೂರ 268. ಸೋಫಾದ ಲೆಕ್ಕ ಮಾತ್ರ ನೋಡಿದರೆ 65 ಇಂಚು ಸರಿಯಾಗಿ ಕೂರುತ್ತದೆ. ಆದರೆ ಚಾಪೆಯ ಮೇಲಿನ ಮಗುವಿಗೆ ಅದೇ ಪರದೆ 51 ಡಿಗ್ರಿ ಅಗಲ ಕಾಣುತ್ತದೆ, ಸ್ಕೋರ್ ಓದಲು ಒಂದು ಮೂಲೆಯಿಂದ ಇನ್ನೊಂದಕ್ಕೆ ಕತ್ತು ತಿರುಗಿಸಬೇಕಾಗುತ್ತದೆ. ಜೊತೆಗೆ 152 ಸೆಂ.ಮೀ. ಗೋಡೆಯಲ್ಲಿ 145 ಸೆಂ.ಮೀ. ಟಿವಿ ಇಟ್ಟರೆ ಪಕ್ಕಕ್ಕೆ ಮೂರೂವರೆ ಸೆಂ.ಮೀ. ಉಳಿದು, ಕರ್ಟನ್ ದಿನವೂ ಅಂಚಿಗೆ ಉಜ್ಜುತ್ತದೆ. 55 ಇಂಚಿನದು ಸೋಫಾಕ್ಕೆ 26 ಡಿಗ್ರಿ, ಚಾಪೆಗೆ 44 ಡಿಗ್ರಿ. ಅದನ್ನೇ ಗಟ್ಟಿ ಮಾಡಿದ್ದು.

ಗಾತ್ರದ ಮಾತಿನಲ್ಲಿ ಇನ್ನೊಂದು ಲೆಕ್ಕ ಸೇರಿಸಲೇಬೇಕು. ಸಾಮಾನ್ಯ ದೃಷ್ಟಿಗೆ 55 ಇಂಚಿನಲ್ಲಿ ಫುಲ್ ಎಚ್‌ಡಿ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದು ಸುಮಾರು 2.2 ಮೀಟರ್‌ವರೆಗೆ, 4ಕೆ ಚುಕ್ಕೆಗಳು 1.1 ಮೀಟರ್‌ವರೆಗೆ. ಸೋಫಾದಿಂದ ಎಚ್‌ಡಿ ಚಾನೆಲ್ ನೋಡುವವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಎಸ್‌ಡಿ ಚಾನೆಲ್‌ಗೆ ಇರುವುದು 576 ಗೆರೆ ಮಾತ್ರ, ಅದು ನುಣುಪಾಗಿ ಕಾಣಬೇಕಾದರೆ 4 ಮೀಟರ್ ದೂರ ಹೋಗಬೇಕು. ಹೊಸ ಟಿವಿ ತಂದ ವಾರದಲ್ಲೇ “ಹಳೆಯದರಲ್ಲೇ ಚೆನ್ನಾಗಿ ಕಾಣುತ್ತಿತ್ತು” ಎಂಬ ಮಾತು ಬರುವುದು ಇದರಿಂದ. ದಿನವೂ ನೋಡುವ ಐದಾರು ಕನ್ನಡ ಚಾನೆಲ್‌ಗಳಲ್ಲಿ ಎಚ್‌ಡಿ ಇರುವಷ್ಟನ್ನಾದರೂ ಪ್ಯಾಕ್‌ಗೆ ಸೇರಿಸಿಕೊಳ್ಳಿ. ಟಿವಿಗೆ ಇನ್ನೂ ಹತ್ತು ಸಾವಿರ ಹೆಚ್ಚು ಹಾಕುವುದಕ್ಕಿಂತ ಅದರಿಂದ ಆಗುವ ಬದಲಾವಣೆ ದೊಡ್ಡದು.

ಪ್ಯಾನೆಲ್

ಎಲ್‌ಇಡಿ ಎಂದು ಮಾರುವ ಟಿವಿಗಳೆಲ್ಲ ಎಲ್‌ಸಿಡಿ ಪರದೆಗಳೇ, ಹಿಂದಿನ ಬೆಳಕು ಎಲ್‌ಇಡಿಯದು. ಕ್ಯೂಎಲ್‌ಇಡಿ ಎಂದರೂ ಅದೇ, ಬಣ್ಣಕ್ಕಾಗಿ ಒಂದು ಕ್ವಾಂಟಮ್ ಡಾಟ್ ಪದರ ಹೆಚ್ಚು. ಒಳಗಿನ ಪ್ಯಾನೆಲ್ ವಿಎ ಅಥವಾ ಐಪಿಎಸ್ ಬಗೆಯದು. ಕುಟುಂಬದ ಹಾಲ್‌ಗೆ ಈ ಭೇದ ಬಹಳ ಮುಖ್ಯ, ಅಂಗಡಿಯಲ್ಲಿ ಯಾರೂ ಹೇಳದ ಭೇದವೂ ಇದೇ.

ವಿಎ ಪ್ಯಾನೆಲ್‌ನಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ, ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) 3000:1ರಿಂದ ಮೇಲೆ. ಆದರೆ ಓರೆಯಿಂದ ನೋಡಿದರೆ ಬಣ್ಣ ತೊಳೆದ ಹಾಗೆ ಮಂಕಾಗುತ್ತದೆ. ಐಪಿಎಸ್‌ನ ಕಾಂಟ್ರಾಸ್ಟ್ 1000:1ರ ಆಸುಪಾಸು, ರಾತ್ರಿ ದೀಪ ಆರಿಸಿದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಓರೆಯಲ್ಲಿ ಮಾತ್ರ ಬಣ್ಣ ಕೆಡುವುದಿಲ್ಲ. ಎಲ್ಲರೂ ಒಂದೇ ಸೋಫಾದಲ್ಲಿ ಎದುರಿಗೆ ಕೂತು ರಾತ್ರಿ ಸಿನಿಮಾ ನೋಡುವ ಮನೆಗೆ ವಿಎ. ಇಲ್ಲಿ ಅಜ್ಜಿ 45 ಡಿಗ್ರಿ ಓರೆಯಲ್ಲಿ ಕೂರುತ್ತಾರೆ, ದಿನದಲ್ಲಿ ಅತಿ ಹೆಚ್ಚು ಹೊತ್ತು ಟಿವಿ ನೋಡುವವರೂ ಅವರೇ, ಅದೂ ಹಗಲು ಬೆಳಕಿನಲ್ಲಿ. ಆದ್ದರಿಂದ ಐಪಿಎಸ್.

ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿಯಲ್ಲಿ ಓರೆಯ ತೊಂದರೆಯೂ ಇಲ್ಲ, ಕಪ್ಪಿನ ತೊಂದರೆಯೂ ಇಲ್ಲ. ಆದರೂ ಸುದ್ದಿ ಚಾನೆಲ್ ದಿನಕ್ಕೆ ಐದಾರು ಗಂಟೆ ಓಡುವ ಮನೆಗೆ ಅದನ್ನು ಹೇಳಲಾಗದು. ಪರದೆಯ ಕೆಳಗೆ ಕದಲದ ಕೆಂಪು ಪಟ್ಟಿ, ಮೂಲೆಯಲ್ಲಿ ಕದಲದ ಲೋಗೋ: ಆ ಜಾಗದ ಚುಕ್ಕೆಗಳು ಉಳಿದವಕ್ಕಿಂತ ಬೇಗ ಸವೆದು, ಕೆಲ ವರ್ಷಗಳಲ್ಲಿ ಯಾವ ಚಾನೆಲ್ ಹಾಕಿದರೂ ಅದರ ನೆರಳು ಉಳಿದುಬಿಡುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಐದು ನಿಮಿಷದ್ದು. ಅಲ್ಲಿನ ಟಿವಿಗಳು ಡೆಮೊ ಮೋಡ್‌ನಲ್ಲಿ, ‘ವಿವಿಡ್’ ಬಣ್ಣದಲ್ಲಿ ಉರಿಯುತ್ತಿರುತ್ತವೆ. ರಿಮೋಟ್ ಕೇಳಿ ಪಡೆದು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ತನ್ನಿ. ಮುಖದ ಬಣ್ಣ ಇರುವ ದೃಶ್ಯ ನಿಲ್ಲಿಸಿ, ನಿಮ್ಮ ಮನೆಯ ಓರೆ ಕುರ್ಚಿಯಷ್ಟೇ ಪಕ್ಕಕ್ಕೆ ಹೋಗಿ ನಿಂತು ನೋಡಿ. ಮೊಬೈಲ್ ಟಾರ್ಚ್ ಹಾಕಿ ಪರದೆಗೆ ಹಿಡಿಯಿರಿ, ಬೆಳಕು ಕನ್ನಡಿಯಂತೆ ಚುಕ್ಕೆಯಾಗಿ ಮರಳುತ್ತದೋ ಚದುರುತ್ತದೋ ಗೊತ್ತಾಗುತ್ತದೆ. ಕಿಟಕಿ ಇರುವ ಹಾಲ್‌ಗೆ ಚದುರಿಸುವ ಪರದೆಯೇ ಲೇಸು. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯಾಪ್ತಿ ಹಿಗ್ಗಿಸುವ ಚಿತ್ರ) ಎಂದು ಬರೆದಿದ್ದರೂ 250–300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕಿನ ಟಿವಿಯಲ್ಲಿ ಅದರಿಂದ ಹೆಚ್ಚೇನೂ ಸಿಗದು. ಹಗಲಿನಲ್ಲಿ ನೋಡಲು 400–500 ನಿಟ್ಸ್ ಇರಲಿ. ಎಚ್‌ಡಿಎಂಐ ಕಿಂಡಿ ಕನಿಷ್ಠ 3, ಅವುಗಳಲ್ಲಿ ಒಂದು ಇಆರ್ಕ್ ಇರುವಂಥದ್ದು, ಟಿವಿಯ ಧ್ವನಿ ಸೌಂಡ್‌ಬಾರ್‌ಗೆ ಹೋಗುವುದು ಅದರಿಂದ. ಕಿವಿ ಮಂದವಾದ ಹಿರಿಯರಿದ್ದರೆ ಬ್ಲೂಟೂತ್ ಹೆಡ್‌ಫೋನ್ ಮತ್ತು ಸ್ಪೀಕರ್ ಎರಡರಲ್ಲೂ ಒಟ್ಟಿಗೆ ಧ್ವನಿ ಬರುತ್ತದೆಯೇ ಎಂದು ಅಲ್ಲೇ ಹಾಕಿಸಿ ನೋಡಿ. ಎಷ್ಟೋ ಟಿವಿಗಳಲ್ಲಿ ಹೆಡ್‌ಫೋನ್ ಸೇರಿದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತದೆ.

ಬೆಲೆ ಹೋಲಿಸುವವರಿಗೆ ಒಂದು ಮಾತು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬಿಲ್ಲನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡಿದರೆ ಲೆಕ್ಕ ತಪ್ಪುತ್ತದೆ.

ಎತ್ತರ

ಅತಿ ಹೆಚ್ಚು ಮನೆಗಳಲ್ಲಿ ಕೆಟ್ಟಿರುವುದು ಇದು. ಶೋಕೇಸ್ ಮೇಲೆ, ಸ್ವಿಚ್ ಬೋರ್ಡ್ ಮೇಲೆ, ಮಕ್ಕಳ ಕೈಗೆ ಸಿಗದಿರಲಿ ಎಂದು ಇನ್ನೂ ಮೇಲೆ ಹೋಗಿ, ಪರದೆಯ ನಡುಬಿಂದು ನೆಲದಿಂದ 150 ಸೆಂ.ಮೀ. ಮುಟ್ಟುತ್ತದೆ. ಸೋಫಾದಲ್ಲಿ ಕೂತವರ ಕಣ್ಣಿನ ಎತ್ತರ ಸುಮಾರು 105, ಅವರಿಗೆ ಹತ್ತು ಡಿಗ್ರಿ ಮೇಲಕ್ಕೆ ನೋಟ, ಹೇಗೋ ನಡೆಯುತ್ತದೆ. ನೆಲದಲ್ಲಿ ಕೂತ ಮಗುವಿನ ಕಣ್ಣು 60 ಸೆಂ.ಮೀ.ಗೆ ಇದ್ದರೆ ಅದು 31 ಡಿಗ್ರಿ ಕತ್ತೆತ್ತಿ ಎರಡು ಗಂಟೆ ಕೂರಬೇಕು. ಕತ್ತು ನೋವು ಬಂದ ಮೇಲೆ ಮೊಬೈಲನ್ನು ಬೈಯುತ್ತೇವೆ, ಬ್ರ್ಯಾಕೆಟ್ಟನ್ನು ಯಾರೂ ಅನುಮಾನಿಸುವುದಿಲ್ಲ.

ಈ ಹಾಲ್‌ನಲ್ಲಿ ನಡುಬಿಂದುವನ್ನು 102 ಸೆಂ.ಮೀ.ಗೆ ಇಟ್ಟಿದೆ. ಸೋಫಾಕ್ಕೆ ನೇರ ನೋಟ, ಚಾಪೆಗೆ 16 ಡಿಗ್ರಿಗಿಂತ ಕಡಿಮೆ. ಅಂಚು ಸೇರಿ ಟಿವಿಯ ಎತ್ತರ 71 ಸೆಂ.ಮೀ., ಹಾಗಾಗಿ ಕೆಳಅಂಚು ನೆಲದಿಂದ 66.5ಕ್ಕೆ ಬಂತು. ಕೆಳಗೆ 50 ಸೆಂ.ಮೀ. ಎತ್ತರದ ಟಿವಿ ಯೂನಿಟ್, ನಡುವಿನ 16.5 ಸೆಂ.ಮೀ.ನಲ್ಲಿ 7 ಸೆಂ.ಮೀ. ಎತ್ತರದ ಸೌಂಡ್‌ಬಾರ್. ರಿಮೋಟ್‌ನ ಕಣ್ಣು ಟಿವಿಯ ಕೆಳಅಂಚಿನಲ್ಲಿರುತ್ತದೆ, ಸೌಂಡ್‌ಬಾರ್ ಅದನ್ನು ಮುಚ್ಚದಂತೆ ಇಷ್ಟು ಜಾಗ ಬೇಕೇ ಬೇಕು.

ಕೊರೆಯುವ ಮುನ್ನ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 123×71 ಸೆಂ.ಮೀ. ಹಾಳೆ ಮಾಡಿ ಗೋಡೆಗೆ ಅಂಟಿಸಿ. ಒಂದು ದಿನ ಹಾಗೇ ಬಿಡಿ. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ಕೂತು ನೋಡಲಿ. ಬಾಗಿಲು ತೆರೆದಾಗ ತಾಗುತ್ತದೆಯೇ, ಸಂಜೆ ಟ್ಯೂಬ್‌ಲೈಟ್ ಎಲ್ಲಿ ಪ್ರತಿಫಲಿಸುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ಬ್ರ್ಯಾಕೆಟ್ ಮತ್ತು ತೂತಿನ ಲೆಕ್ಕ

ಬ್ರ್ಯಾಕೆಟ್ ಮೂರು ಬಗೆ: ಗೋಡೆಗೆ ಅಪ್ಪಿಕೊಳ್ಳುವಂಥದ್ದು, ಮುಂದೆ ಬಾಗುವಂಥದ್ದು, ತೋಳು ಚಾಚಿ ತಿರುಗುವಂಥದ್ದು. ತಿರುಗುವ ತೋಳನ್ನು ಮನಸ್ಸಿಗೆ ಬಂದಂತೆ ಆರಿಸಬೇಡಿ. 15 ಕಿಲೋ ಟಿವಿ ಗೋಡೆಯಿಂದ 6 ಸೆಂ.ಮೀ. ಮುಂದಿದ್ದು, ಮೇಲಿನ ಮತ್ತು ಕೆಳಗಿನ ಬೋಲ್ಟ್ ನಡುವೆ 20 ಸೆಂ.ಮೀ. ಅಂತರವಿದ್ದರೆ ಮೇಲಿನ ಬೋಲ್ಟ್‌ಗಳನ್ನು ಹೊರಗೆ ಎಳೆಯುವ ಬಲ ನಾಲ್ಕೂವರೆ ಕಿಲೋ. ಅದೇ ಟಿವಿಯನ್ನು ತೋಳು 40 ಸೆಂ.ಮೀ. ಮುಂದೆ ಚಾಚಿದರೆ ಅದು 30 ಕಿಲೋ ಆಗುತ್ತದೆ. ಮಗು ಅಂಚು ಹಿಡಿದು ಜೋತರೆ ಎಷ್ಟಾಗಬಹುದು ಎಂದು ನೀವೇ ಎಣಿಸಿ. ಗೋಡೆ ಗಟ್ಟಿ ಇಲ್ಲದ ಕಡೆ ತೋಳು ಬೇಡ. ಇಲ್ಲಿ ಬಾಗುವ ಬಗೆಯದನ್ನು ಹಾಕಿದೆ. ಎತ್ತರ ಸರಿ ಇರುವುದರಿಂದ ಬಾಗಿಸುವ ಅಗತ್ಯ ಬೀಳಲಿಲ್ಲ, ಆದರೆ ಹಿಂದೆ 6 ಸೆಂ.ಮೀ. ಜಾಗ ಸಿಗುತ್ತದೆ, ಕೇಬಲ್ ಮುರಿಯದೆ ಬಳುಕುತ್ತದೆ, ಗಾಳಿ ಆಡುತ್ತದೆ.

ಟಿವಿಯ ಬೆನ್ನಿನ ನಾಲ್ಕು ತೂತುಗಳ ಅಂತರಕ್ಕೆ ವೆಸಾ ಅಳತೆ ಎನ್ನುತ್ತಾರೆ, ಇಲ್ಲಿ 300×300 ಮಿ.ಮೀ. ಈ ನಾಲ್ಕು ತೂತುಗಳ ನಡುಬಿಂದು ಪರದೆಯ ನಡುಬಿಂದುವೇ ಆಗಿರಬೇಕೆಂದಿಲ್ಲ, ಅನೇಕ ಟಿವಿಗಳಲ್ಲಿ ಕೆಳಗಿರುತ್ತದೆ. ಆದ್ದರಿಂದ ಪರದೆಯ ನಡುವಿನಿಂದ ಅಳೆಯದೆ ಕೆಳಅಂಚಿನಿಂದ ಅಳೆಯಿರಿ. ಬ್ರ್ಯಾಕೆಟ್‌ನ ಕಾಲುಗಳನ್ನು ಟಿವಿಗೆ ಬಿಗಿದ ಮೇಲೆ ಕೆಳಅಂಚಿನಿಂದ ಕಾಲಿನ ಕೊಕ್ಕೆವರೆಗೆ ಇಲ್ಲಿ 47 ಸೆಂ.ಮೀ. ಬಂತು. 66.5ಕ್ಕೆ 47 ಕೂಡಿದರೆ 113.5, ಗೋಡೆಯ ಪಟ್ಟಿಯ ಮೇಲಂಚು ಅಲ್ಲಿರಬೇಕು. ಪಟ್ಟಿಯ ತೂತು ಮೇಲಂಚಿಗಿಂತ 2.5 ಸೆಂ.ಮೀ. ಕೆಳಗಿದೆ. ಕೊರೆಯುವ ಎತ್ತರ 111 ಸೆಂ.ಮೀ.

ಟಿವಿಗೆ ಹಾಕುವ ಸ್ಕ್ರೂ ಉದ್ದ ತಪ್ಪಿದರೆ ಪರದೆಯೇ ಹೋಗುತ್ತದೆ, ಅದು ವಾರಂಟಿಗೂ ಬರುವುದಿಲ್ಲ. ತೂತಿನೊಳಗೆ ಒಂದು ಅಗರಬತ್ತಿ ಕಡ್ಡಿ ತಾಗುವವರೆಗೆ ಬಿಟ್ಟು ಉಗುರಿನಿಂದ ಗುರುತು ಹಿಡಿದು ಅಳೆಯಿರಿ. ಆ ಆಳ, ಬ್ರ್ಯಾಕೆಟ್ ತಗಡಿನ ದಪ್ಪ, ವಾಷರ್‌ನ ದಪ್ಪ ಕೂಡಿ, ಅದರಲ್ಲಿ 2 ಮಿ.ಮೀ. ಕಳೆದರೆ ಬರುವುದು ಗರಿಷ್ಠ ಉದ್ದ. ತೂತಿನೊಳಗಿನ ಸ್ಕ್ರೂ ಸುತ್ತುಗಳಲ್ಲಿ ಕನಿಷ್ಠ 8–10 ಮಿ.ಮೀ. ಹಿಡಿಯಲೇಬೇಕು. ಇಲ್ಲಿ ಎಂ6 (6 ಮಿ.ಮೀ. ದಪ್ಪದ) ಸ್ಕ್ರೂ ಹಿಡಿಸಿತು. ಡ್ರಿಲ್ ಮಷೀನ್‌ನಿಂದ ಬಿಗಿಯಬೇಡಿ, ಕೈ ಸ್ಕ್ರೂಡ್ರೈವರ್ ಸಾಕು.

ಗೋಡೆ ಯಾವುದು ಎಂದು ಮೊದಲು ತಿಳಿಯಿರಿ

ಕರ್ನಾಟಕದ ಮನೆಗಳಲ್ಲಿ ಗೋಡೆ ಒಂದೇ ಬಗೆಯದಲ್ಲ. ಬ್ರ್ಯಾಕೆಟ್ ಜೊತೆ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಪ್ಲಗ್ ಎಲ್ಲಕ್ಕೂ ಒಂದೇ. ಬಿದ್ದ ಟಿವಿಗಳ ಹಿಂದೆ ಹೆಚ್ಚಾಗಿ ಇರುವುದು ಈ ಹೊಂದಿಕೆಯಾಗದ ಪ್ಲಗ್.

ಇಲ್ಲಿನದು 6 ಇಂಚಿನ ಸಾಲಿಡ್ ಬ್ಲಾಕ್, ಮೇಲೆ 15 ಮಿ.ಮೀ. ಗಿಲಾವು. ಗಿಲಾವಿಗೆ ಹಿಡಿತವಿಲ್ಲ, ಪ್ಲಗ್ ಪೂರ್ತಿ ಬ್ಲಾಕ್ ಒಳಗೆ ಕೂರಬೇಕು. 10 ಮಿ.ಮೀ. ಬಿಟ್‌ನಲ್ಲಿ 80 ಮಿ.ಮೀ. ಆಳ ಕೊರೆದು, 10×60 ನೈಲಾನ್ ಪ್ಲಗ್ ಗಿಲಾವು ದಾಟಿ ಬ್ಲಾಕ್ ಒಳಗೆ ಕೂರುವವರೆಗೆ ತಳ್ಳಿ, 8 ಮಿ.ಮೀ. ಕೋಚ್ ಸ್ಕ್ರೂ ಹಾಕಿದೆ. ಮೇಲೆ 4, ಕೆಳಗೆ 2, ಒಟ್ಟು 6. ಬಿಟ್ ಮೇಲೆ 80 ಮಿ.ಮೀ.ಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಆಳ ತಪ್ಪುವುದಿಲ್ಲ. ಕೊರೆದ ಪುಡಿಯನ್ನು ಸೈಕಲ್ ಪಂಪ್‌ನಿಂದ ಊದಿ ತೆಗೆಯಲೇಬೇಕು. ಪುಡಿ ಒಳಗೆ ಉಳಿದರೆ ಪ್ಲಗ್ ಪೂರ್ತಿ ಇಳಿಯದು, ಇಳಿದರೂ ಪುಡಿಯ ಮೇಲೆ ಜಾರುತ್ತದೆ.

ಹಾಲೋ ಬ್ಲಾಕ್ ಆದರೆ ಬಿಟ್ ಕೆಲವೇ ಸೆಂ.ಮೀ. ಹೋಗುತ್ತಲೇ ಸಡಿಲವಾಗಿ ಒಳಗೆ ಬೀಳುತ್ತದೆ. ಅಲ್ಲಿ ಮಾಮೂಲಿ ಪ್ಲಗ್ ಗಾಳಿಯಲ್ಲಿ ತಿರುಗುತ್ತದೆ, ಒಳಗೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಬೇಕು. ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕ್ ಬೆಳ್ಳಗೆ, ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ, ಎಎಸಿಗೆಂದೇ ಬರುವ ಉದ್ದ ಪ್ಲಗ್ ಅಥವಾ ಕೆಮಿಕಲ್ ಆಂಕರ್ (ತೂತಿಗೆ ತುಂಬಿದ ಮೇಲೆ ಗಟ್ಟಿಯಾಗುವ ಅಂಟು) ಹಾಕಿ.

ಕರಾವಳಿಯ ಮುರಕಲ್ಲಿನ ಗೋಡೆ ವಿಶೇಷ ಎಚ್ಚರ ಬೇಡುತ್ತದೆ. ಕಲ್ಲಿನೊಳಗೆ ಅಲ್ಲಲ್ಲಿ ಪೊಳ್ಳು, ಮೆದು ಮಣ್ಣಿನ ಗೂಡು. ಒಂದೇ ಕಲ್ಲಿನಲ್ಲಿ ಒಂದು ತೂತು ಗಟ್ಟಿ, ಪಕ್ಕದ್ದು ಪುಸಕ್ಕೆಂದು ಹೋಗುತ್ತದೆ. 100 ಮಿ.ಮೀ. ಉದ್ದದ ಪ್ಲಗ್ ಹಾಕಿ, ಸಂಶಯವಿದ್ದ ತೂತಿಗೆ ಜಾಲರಿ ಕೊಳವೆಯೊಂದಿಗೆ ಕೆಮಿಕಲ್ ಆಂಕರ್ ತುಂಬಿ. ಉಪ್ಪು ಗಾಳಿಗೆ ಮಾಮೂಲಿ ಸ್ಕ್ರೂ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲ್‌ನವು ತನ್ನಿ. ಸೈಜುಕಲ್ಲಿನ ಗೋಡೆಯಲ್ಲಿ ಕಲ್ಲಿಗೇ ಕೊರೆಯಿರಿ, ಸಂದಿನ ಗಾರೆಗೆ ಬೇಡ. ಮಣ್ಣಿನ ಗೋಡೆಗೆ ಟಿವಿ ತೂಗುಹಾಕಬಾರದು, ಮೇಜಿನ ಮೇಲೆ ಸ್ಟ್ಯಾಂಡ್‌ನಲ್ಲಿಟ್ಟು ಹಿಂದಿನಿಂದ ಪಟ್ಟಿ ಕಟ್ಟಿ.

ಸ್ವಿಚ್ ಬೋರ್ಡ್‌ನ ನೇರ ಮೇಲೆ ಕೆಳಗೆ ಎಲ್ಲೂ ಕೊರೆಯಬಾರದು, ಒಳವೈರಿಂಗ್ ಪೈಪು ಅದೇ ಗೆರೆಯಲ್ಲಿ ಹೋಗಿರುತ್ತದೆ. ಕೊರೆಯುವಾಗ ಹಾಲ್‌ನ ಎಂಸಿಬಿ ಇಳಿಸಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ. ಮೊದಲ ತೂತು ಕೊರೆದು ಪಟ್ಟಿಯನ್ನು ಒಂದು ಸ್ಕ್ರೂಗೆ ನೇತುಹಾಕಿ, ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬಂದ ಮೇಲೆ ಉಳಿದ ತೂತುಗಳಿಗೆ ಗುರುತು ಹಾಕಿ. ಪಟ್ಟಿ ಬಿಗಿದಾದ ಮೇಲೆ ಟಿವಿ ತೂಗುವ ಮುನ್ನ ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಎಳೆದು ನೋಡಿ. ಕೂದಲೆಳೆಯಷ್ಟು ಕದಲಿದರೂ ಆ ತೂತು ಕೈಬಿಡಿ.

ಕೇಬಲ್ ದಾರಿ

ಗೋಡೆಯೊಳಗೆ ಕೇಬಲ್ ಮುಚ್ಚುವವರು ವೈರಿಂಗ್‌ನ 20 ಅಥವಾ 25 ಮಿ.ಮೀ. ಪೈಪನ್ನೇ ಹಾಕಿಬಿಡುತ್ತಾರೆ. ಎಚ್‌ಡಿಎಂಐ ತಲೆಯ ಅಗಲವೇ ಸುಮಾರು 20 ಮಿ.ಮೀ., ತಿರುವಿನಲ್ಲಿ ಅದು ಸಿಕ್ಕಿಬೀಳುತ್ತದೆ. 50 ಮಿ.ಮೀ. ಪಿವಿಸಿ ಪೈಪು, ತಿರುವಿಗೆ 90 ಡಿಗ್ರಿ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್, ಒಳಗೆ ಮುಂದಿನ ಕೇಬಲ್ ಎಳೆಯಲು ಒಂದು ನೈಲಾನ್ ದಾರ. ಕರೆಂಟ್ ವೈರ್ ಇದರಲ್ಲಿ ಬರಬಾರದು. ಇಲ್ಲಿ ಗೋಡೆ ಒಡೆಯುವಂತಿರಲಿಲ್ಲ, 50 ಮಿ.ಮೀ. ಅಗಲದ ಕೇಸಿಂಗ್ ಕ್ಯಾಪಿಂಗ್ ಪಟ್ಟಿ ಹಾಕಿ ಗೋಡೆಯ ಬಣ್ಣ ಬಳಿದರೆ ಸಾಕಾಯಿತು. ಪೈಪ್‌ನ ಎರಡೂ ಬಾಯಿಗೆ ಸೊಳ್ಳೆ ಜಾಲರಿಯ ತುಂಡು ತುರುಕಿ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಟಿವಿಯ ಬೆನ್ನಿಗೆ ಬರುವುದು ಇಂಥ ದಾರಿಯಿಂದ, ಪವರ್ ಬೋರ್ಡ್ ಮೇಲೆ ಸಿಕ್ಕರೆ ಶಾರ್ಟ್ ಆಗಿ ಎರಡೂ ಸಾಯುತ್ತವೆ. ಟಿವಿಯ ಗಾಳಿಕಿಂಡಿಗೆ ಮಾತ್ರ ಏನನ್ನೂ ಮುಚ್ಚಬೇಡಿ.

ಸೆಟ್‌ಟಾಪ್ ಬಾಕ್ಸ್‌ಗೆ ಮತ್ತು ಸೌಂಡ್‌ಬಾರ್‌ಗೆ ತಲಾ 2 ಮೀಟರ್ ಎಚ್‌ಡಿಎಂಐ ಸಾಕು. ಪೆಟ್ಟಿಗೆಯ ಮೇಲೆ ‘ಪ್ರೀಮಿಯಂ ಹೈಸ್ಪೀಡ್’ ಪ್ರಮಾಣಪತ್ರದ ಚೀಟಿ ಇದ್ದರೆ 4ಕೆಗೆ ಚಿಂತೆಯಿಲ್ಲ. ಟಿವಿ ಹಿಂದೆ ಒಂದು ಗೇಣು ಕೇಬಲ್ ಸುರುಳಿ ಬಿಡಿ.

ಕರೆಂಟು

ಟಿವಿಗೆ ಸ್ಟೆಬಿಲೈಸರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬಹುಪಾಲು ಟಿವಿಗಳ ಒಳಗಿನ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಕೊಳ್ಳುತ್ತದೆ, ಕಡಿಮೆ ವೋಲ್ಟೇಜ್‌ಗಾಗಿ ಸ್ಟೆಬಿಲೈಸರ್ ಬೇಡ. ಟಿವಿ ಕೊಲ್ಲುವುದು ಬೇರೆ ಎರಡು. ಒಂದು, ಕಂಬದಲ್ಲೋ ಮೀಟರ್ ಹತ್ತಿರವೋ ನ್ಯೂಟ್ರಲ್ ಬಿಟ್ಟುಹೋಗಿ 230ರ ಬದಲು 400 ವೋಲ್ಟ್‌ವರೆಗೆ ನುಗ್ಗುವುದು. ಇದಕ್ಕೆ ಸ್ಪೈಕ್ ಗಾರ್ಡ್ ಸಾಲದು, ಅದರೊಳಗಿನ ಎಂಒವಿ ಎಂಬ ಬಿಡಿಭಾಗ ಕ್ಷಣಮಾತ್ರದ ಏಟು ತಡೆಯಬಲ್ಲದು, ನಿಮಿಷಗಟ್ಟಲೆ ಬರುವ 400 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಮೀರಿದ ಕೂಡಲೇ ಕಡಿಯುವ ಹೈ-ಲೋ ಕಟ್‌ಆಫ್ ಹಾಕಿ, 170 ಮತ್ತು 270ಕ್ಕೆ ಇಟ್ಟು, ಮರಳಿ ಸೇರಲು 30 ಸೆಕೆಂಡ್ ತಡ ಕೊಡಿ.

ಎರಡು, ಅರ್ಥಿಂಗ್ ಇಲ್ಲದಿರುವುದು. ಇದರ ಕಥೆ ಕಣ್ಣಿಗೆ ಕಾಣದ್ದು. ಮೂರು ಪಿನ್ ಪ್ಲಗ್ ಇರುವ ಸಲಕರಣೆಗಳ ಪವರ್ ಸಪ್ಲೈಯಲ್ಲಿ ಸಣ್ಣ ಕೆಪಾಸಿಟರ್‌ಗಳು ಲೋಹದ ಮೈಗೂ ಫೇಸ್, ನ್ಯೂಟ್ರಲ್‌ಗಳಿಗೂ ನಡುವೆ ಕೂತಿರುತ್ತವೆ. ಅರ್ಥ್ ತಂತಿ ಸತ್ತಿದ್ದರೆ ಮೈಮೇಲೆ ಸರಬರಾಜಿನ ಅರ್ಧದಷ್ಟು, ಸುಮಾರು 115 ವೋಲ್ಟ್ ತೇಲುತ್ತದೆ. ಕರೆಂಟ್ ಅತ್ಯಲ್ಪ, ಎಚ್‌ಡಿಎಂಐ ಚುಚ್ಚುವಾಗ ಬೆರಳಿಗೆ ಜುಂ ಎನ್ನುತ್ತದೆ ಅಷ್ಟೆ. ಆದರೆ ಆ ಕ್ಷಣ ಎಚ್‌ಡಿಎಂಐ ಕಿಂಡಿಯ ಒಳಗಿನ ಐಸಿ ಮೂಲಕ ಅದು ಹಾದರೆ ಕಿಂಡಿ ಸಾಯುತ್ತದೆ. “ಕೇಬಲ್ ಬದಲಾಯಿಸಿದೆ, ಆಮೇಲೆ ಎಚ್‌ಡಿಎಂಐ 1 ಕೆಲಸ ಮಾಡುತ್ತಿಲ್ಲ” ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಮಲ್ಟಿಮೀಟರ್‌ನಲ್ಲಿ ಸಾಕೆಟ್ ನೋಡಿ: ಫೇಸ್-ನ್ಯೂಟ್ರಲ್ 230, ಫೇಸ್-ಅರ್ಥ್ ಹತ್ತಿರಹತ್ತಿರ 230, ನ್ಯೂಟ್ರಲ್-ಅರ್ಥ್ 3 ವೋಲ್ಟ್ ಒಳಗೆ. ಕೊನೆಯದು ಹತ್ತು ದಾಟಿದರೆ ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಟಿವಿ. ಎಚ್‌ಡಿಎಂಐ ಹಾಕುವಾಗ ತೆಗೆಯುವಾಗ ಎರಡೂ ಕಡೆಯ ಪ್ಲಗ್ ಕಿತ್ತಿಡುವುದು ಒಳ್ಳೆಯ ಅಭ್ಯಾಸ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು. ಪವರ್ ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಬೇಕು. ಸಿಡಿಲಿನ ಏಟು ತಾರಸಿಯ ಡಿಶ್‌ನಿಂದ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿಗೆ ಬರುತ್ತದೆ.

ಚಿತ್ರ ಹೊಂದಿಸುವುದು

ಟಿವಿ ಹಚ್ಚಿದ ಕೂಡಲೇ ಮೊದಲು ಸೆಟ್‌ಟಾಪ್ ಬಾಕ್ಸ್‌ನ ಮೆನುಗೆ ಹೋಗಿ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಬಾಕ್ಸ್ 576ರಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ. ಔಟ್‌ಪುಟ್ 1080ಕ್ಕೆ, 50 ಹರ್ಟ್ಸ್‌ಗೆ ಇಡಿ, ನಮ್ಮ ಪ್ರಸಾರ 50ರದು. ಹಳೆಯ 4:3 ಚಿತ್ರಗಳಿಗೆ ‘ಪಿಲ್ಲರ್ ಬಾಕ್ಸ್’ ಆರಿಸಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೂ ಮುಖಗಳು ಅಡ್ಡಡ್ಡ ಹಿಗ್ಗುವುದಿಲ್ಲ. ನಂತರ ಟಿವಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬುದನ್ನು ಆನ್ ಮಾಡಿ. ಇಲ್ಲದಿದ್ದರೆ ಚಿತ್ರದ ನಾಲ್ಕೂ ಅಂಚು ಕತ್ತರಿಸಿಹೋಗಿ, ಸುದ್ದಿ ಪಟ್ಟಿಯ ಅಕ್ಷರಗಳ ಒತ್ತು ಕೆಳಗೆ ಮಾಯವಾಗಿರುತ್ತದೆ.

ಎರಡು ಮೋಡ್ ಇಟ್ಟುಕೊಂಡರೆ ಸಾಕು. ಹಗಲಿಗೆ ‘ಸ್ಟ್ಯಾಂಡರ್ಡ್’, ಬ್ಯಾಕ್‌ಲೈಟ್ 80–100. ರಾತ್ರಿಗೆ ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’, ಬ್ಯಾಕ್‌ಲೈಟ್ 40–50. ಫಿಲ್ಮ್‌ಮೇಕರ್ ಮೋಡ್ ಟಿವಿ ಮತ್ತು ಸಿನಿಮಾ ಕಂಪನಿಗಳ ಕೂಟವಾದ ಯುಎಚ್‌ಡಿ ಅಲಯನ್ಸ್ 2019ರಲ್ಲಿ ಪ್ರಕಟಿಸಿದ್ದು, ಚಲನೆ ನಯಗೊಳಿಸುವುದು, ಅಂಚು ಹರಿತಗೊಳಿಸುವುದು ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಆಫ್ ಮಾಡುತ್ತದೆ. ಬಣ್ಣದ ತಾಪ ‘ವಾರ್ಮ್’. ಮೊದಲ ಎರಡು ದಿನ ಚಿತ್ರ ಹಳದಿ ಎನಿಸುತ್ತದೆ, ಕಣ್ಣು ಇಷ್ಟು ದಿನ ನೀಲಿಗೆ ಒಗ್ಗಿದ್ದರಿಂದ. ಮೂರನೇ ದಿನಕ್ಕೆ ಸರಿಹೋಗುತ್ತದೆ. ಶಾರ್ಪ್‌ನೆಸ್ 0–10.

ಅನೇಕ ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ಬೆಳಕನ್ನು ಹೆಚ್ಚಿಸುವುದಿಲ್ಲ, ಕಪ್ಪಿನ ಮಟ್ಟವನ್ನು ಎತ್ತುತ್ತದೆ. ಬೆಳಕು ಬೇಕಾದರೆ ಬ್ಯಾಕ್‌ಲೈಟ್ ಮುಟ್ಟಿ. ಕಪ್ಪಿನ ಮಟ್ಟ ನೋಡಲು ಕಪ್ಪು ಕೂದಲಿನ ಎಳೆಗಳು ಅಥವಾ ವಕೀಲರ ಕೋಟಿನ ಮಡಿಕೆ ಕಾಣುವ ದೃಶ್ಯ ನಿಲ್ಲಿಸಿ, ಮಡಿಕೆ ಈಗಷ್ಟೇ ಕಾಣುವಲ್ಲಿಗೆ ತನ್ನಿ. ಕಾಂಟ್ರಾಸ್ಟ್‌ಗೆ ಬಿಸಿಲಲ್ಲಿ ನಿಂತ ಬಿಳಿ ಪಂಚೆಯ ನೆರಿಗೆ ನೋಡಿ. ನೆರಿಗೆ ಕರಗಿ ಬರೀ ಬಿಳಿ ಬಟ್ಟೆಯಾದರೆ ಕಾಂಟ್ರಾಸ್ಟ್ ಹೆಚ್ಚಾಗಿದೆ ಎಂದರ್ಥ.

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ‘ಮೋಷನ್ ಸ್ಮೂದಿಂಗ್’ ಆನ್ ಇದ್ದರೆ ಟಿವಿ ನಡುನಡುವೆ ತಾನೇ ಚೌಕಟ್ಟು ಹುಟ್ಟಿಸಿ ತುಂಬುತ್ತದೆ, ದೊಡ್ಡ ಪರದೆಯ ಚಿತ್ರ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ. ಸಿನಿಮಾಕ್ಕೆ ಪೂರ್ತಿ ಆಫ್. ಕ್ರಿಕೆಟ್‌ಗೆ ಕಡಿಮೆ ಮಟ್ಟದಲ್ಲಿ ಇಡಬಹುದು, ಹೆಚ್ಚಿಸಿದರೆ ಬೌಂಡರಿಗೆ ಹೋಗುವ ಚೆಂಡು ನಡುವೆ ಮಾಯವಾಗಿ ಮುಂದೆಲ್ಲೋ ಕಾಣುತ್ತದೆ.

ಧ್ವನಿ, ಇಂಟರ್ನೆಟ್

ತೆಳು ಟಿವಿಗಳ ಸ್ಪೀಕರ್ ಸಾಮಾನ್ಯವಾಗಿ ಕೆಳಮುಖ, ಮಾತು ಟಿವಿ ಯೂನಿಟ್‌ಗೆ ಬಡಿದು ಮಸುಕಾಗುತ್ತದೆ. ಸೌಂಡ್‌ಬಾರ್ ಹಾಕುವುದಾದರೆ ಕೇಬಲ್ ಇಆರ್ಕ್ ಎಂದು ಬರೆದ ಕಿಂಡಿಗೇ ಹೋಗಬೇಕು, ಬೇರೆ ಕಿಂಡಿಗೆ ಹಾಕಿದರೆ ಸದ್ದೇ ಬರದು. ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಸಲಕರಣೆಗಳು ಒಂದಕ್ಕೊಂದು ಆಜ್ಞೆ ಕಳಿಸುವ ಸೌಲಭ್ಯ) ಆನ್ ಇರಲಿ, ಅದಿಲ್ಲದೆ ಆರ್ಕ್ ಏಳುವುದಿಲ್ಲ. ಕೆಲ ಚಾನೆಲ್‌ಗಳಲ್ಲಿ ಮಾತ್ರ ಧ್ವನಿ ನಿಂತರೆ ಬಾಕ್ಸ್‌ನ ಆಡಿಯೋ ಡಾಲ್ಬಿಯಿಂದ ಪಿಸಿಎಂ ಎಂಬ ಸಾದಾ ಬಗೆಗೆ ಬದಲಿಸಿ ನೋಡಿ. ತುಟಿಗೂ ಮಾತಿಗೂ ಹೊಂದದಿದ್ದರೆ ‘ಎವಿ ಸಿಂಕ್’ 20 ಮಿಲಿಸೆಕೆಂಡ್‌ನಂತೆ ಏರಿಳಿಸಿ.

ಇದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ವಿಟ್ರಿಫೈಡ್ ಟೈಲ್ಸ್ ನೆಲ, ಬರಿ ಗೋಡೆ, ಗಾಜಿನ ಕಿಟಕಿ ಇರುವ ಹಾಲ್ ಬಾವಿಯ ಹಾಗೆ ಮೊಳಗುತ್ತದೆ. ಟಿವಿ ಮುಂದೆ ಒಂದು ದಪ್ಪ ಜಮಖಾನ, ಕಿಟಕಿಗೆ ಬಟ್ಟೆಯ ಕರ್ಟನ್ ಹಾಕಿ ಕೇಳಿ. ವಾಲ್ಯೂಮ್ ಇಳಿಸಿದರೂ ಮಾತು ಬಿಡಿಸಿ ಕೇಳುತ್ತದೆ.

4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಹೇಳುವುದು 15 ಎಂಬಿಪಿಎಸ್. ಮನೆಯ ಸಂಪರ್ಕ ನೂರಿದ್ದರೂ ಟಿವಿ ತೊದಲಿದರೆ ತಪ್ಪು ವೈಫೈನದು. ರೌಟರ್ ಅನ್ನು ಟಿವಿ ಬೆನ್ನಿಗೆ ಬಚ್ಚಿಡಬೇಡಿ, ಅಲ್ಲಿನ ತಗಡು ಅಲೆಗಳನ್ನು ತಡೆಯುತ್ತದೆ. ಒಂದೇ ಕೋಣೆಯಾದರೆ 5 ಗಿಗಾಹರ್ಟ್ಸ್, ನಡುವೆ ಎರಡು ಗೋಡೆಯಿದ್ದರೆ ಲ್ಯಾನ್ ಕೇಬಲ್.

ಡಿಡಿ ಚಂದನ ಸಾಕು, ತಿಂಗಳ ಬಾಡಿಗೆ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಅದರ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರಿನಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ 128 ಡಿಗ್ರಿ, ದಿಗಂತದಿಂದ 66 ಡಿಗ್ರಿ ಮೇಲೆ. ಅಲ್ಲಿ ಮರ, ನೀರಿನ ಟ್ಯಾಂಕ್ ಅಡ್ಡವಿರಬಾರದು. ಟಿವಿಯಲ್ಲೇ ಸ್ಯಾಟಲೈಟ್ ಟ್ಯೂನರ್ ಇದ್ದರೆ ಬಾಕ್ಸ್ ಕೂಡ ಬೇಡ.

ಮನೆಯವರಿಗಾಗಿ ಬೀಗಗಳು

2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಕಾರ್ಯಕ್ರಮಗಳಿಗೆ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ದರ್ಜೆಗಳಿವೆ, 13+ ಮತ್ತು ಮೇಲಿನವಕ್ಕೆ ಬೀಗ ಹಾಕುವ ಸೌಲಭ್ಯ ಆ್ಯಪ್ ಕೊಡಲೇಬೇಕು. ಪ್ರತಿ ಆ್ಯಪ್‌ನಲ್ಲೂ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ. ಮಕ್ಕಳ ಪ್ರೊಫೈಲ್ ಮಾತ್ರ ಮಾಡಿ ದೊಡ್ಡವರದ್ದು ತೆರೆದಿಟ್ಟರೆ ಏನೂ ಮಾಡದಂತೆಯೇ. ಟಿವಿಯ ಆ್ಯಪ್ ಸ್ಟೋರ್‌ನಲ್ಲಿ ಖರೀದಿಗೆ ಬೇರೆ ಪಿನ್. ಮೊದಲ ಬಾರಿ ಹಚ್ಚಿದಾಗ ‘ನೋಡುವ ಮಾಹಿತಿ’, ‘ಆಸಕ್ತಿ ಆಧರಿತ ಜಾಹೀರಾತು’ ಎಂಬಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಪ್ರೈವಸಿ ಮೆನುಗೆ ಹೋಗಿ ತೆಗೆಯಿರಿ. ಆ ಒಪ್ಪಿಗೆ ಇದ್ದರೆ ಪರದೆಯಲ್ಲಿ ಏನು ಓಡುತ್ತಿದೆ ಎಂಬುದನ್ನು ಟಿವಿ ಗುರುತಿಸಿ ಕಂಪನಿಗೆ ಕಳಿಸುತ್ತಿರುತ್ತದೆ.

ಹದಿನೈದು ದಿನದ ಮೇಲೆ

ಪೆಟ್ಟಿಗೆ ಮತ್ತು ಥರ್ಮಾಕೋಲ್ ಅಲ್ಲಿಯವರೆಗೂ ಎಸೆಯಬೇಡಿ. ಟಿವಿ ತಂದ ಮೊದಲ ದಿನಗಳಲ್ಲೇ ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ, ಬೂದಿ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಒಂದೊಂದಾಗಿ ತೋರಿಸಿದರೆ ಸತ್ತ ಚುಕ್ಕೆ, ಕಲೆ ಹೊರಬೀಳುತ್ತವೆ, ಬದಲಿ ಕೇಳುವ ಗಡುವಿನೊಳಗೆ ಕೇಳಬಹುದು. ಟಿವಿಯನ್ನು ಮತ್ತೆ ಇಳಿಸುವಾಗ ಇಬ್ಬರು ಅಂಚು ಹಿಡಿದು ನಿಲ್ಲಿಸಿಯೇ ಇಡಬೇಕು, ಪರದೆ ಮೇಲಾಗಿ ಮಲಗಿಸಿದರೆ ಗಾಜು ಸೀಳಬಹುದು. ಪರದೆಗೆ ಗಾಜು ಒರೆಸುವ ದ್ರವ, ಸ್ಪಿರಿಟ್ ತಾಗಿಸಬೇಡಿ, ಪ್ರತಿಫಲನ ತಡೆಯುವ ಲೇಪ ಎದ್ದುಹೋಗುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆ, ಬೆರಳ ಗುರುತಿಗೆ ಅದನ್ನೇ ಡಿಸ್ಟಿಲ್ಡ್ ನೀರಲ್ಲಿ ಒದ್ದೆ ಮಾಡಿ ಹಿಂಡಿ.

ಬ್ರ್ಯಾಕೆಟ್‌ನ ಆರು ಸ್ಕ್ರೂಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿ. ಇಲ್ಲಿ ಮೇಲಿನ ಎರಡು ಕಾಲು ಸುತ್ತು ಬಿಗಿಯಾದವು, ಉಳಿದವು ಕದಲಲಿಲ್ಲ. ಪ್ಲಗ್ ಕೂತ ಮೇಲೆ ಅಷ್ಟು ಸಡಿಲವಾಗುವುದು ಸಹಜ. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ ಅಥವಾ ಬಿಗಿಯಾಗದೆ ತಿರುಗುತ್ತಲೇ ಇದ್ದರೆ ಟಿವಿ ಇಳಿಸಿ, ಆ ತೂತಿಗೆ ಕೆಮಿಕಲ್ ಆಂಕರ್ ತುಂಬಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಮತ್ತೆ ತೂಗಿ.